ಗುಟ್ಟಾಗಿ ಕೊಳ್ಳುವ ಮಾತ್ರೆ

ಖಿನ್ನತೆಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುವವರು ಸಾಮಾನ್ಯವಾಗಿ ತಮ್ಮೂರಿನ ಅಂಗಡಿಗೆ ಕಾಲಿಡುವುದಿಲ್ಲ. ನನ್ನ ಔಷಧ ಅಂಗಡಿ ಇರುವುದು ಅರಸೀಕೆರೆಯಲ್ಲಿ. ಇಲ್ಲಿಯವರು ತಿಪಟೂರಿಗೆ ಹೋಗಿ ಕೊಳ್ಳುತ್ತಾರೆ, ತಿಪಟೂರಿನವರು ರೈಲು ಹತ್ತಿ ನನ್ನ ಬಳಿ ಬರುತ್ತಾರೆ, ಇನ್ನು ಕೆಲವರು ಹಾಸನದ ವೈದ್ಯರನ್ನು ಕಂಡ ದಿನವೇ ಅಲ್ಲಿಂದ ಮೂರು ತಿಂಗಳ ಮಾತ್ರೆ ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿನೋವು ಇವುಗಳ ಮಾತ್ರೆ ಮಾತ್ರ ಮನೆ ಪಕ್ಕದ ಅಂಗಡಿಯಿಂದ. ಹೀಗಾಗಿ ಒಬ್ಬರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದೇ ಕಡೆ ನೋಡುವ ಕಣ್ಣು ಇರುವುದಿಲ್ಲ. ಈ ಔಷಧಗಳ ಹೆಸರಿನಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಲ್ಲೇ.

ಇಂಥ ಮಾತ್ರೆಗಳಲ್ಲಿ ನನ್ನ ಕೌಂಟರಿನಲ್ಲಿ ಹೆಚ್ಚು ಓಡುವುದು ಎಸಿಟಾಲೋಪ್ರಾಮ್. 5, 10, 20 ಮಿಲಿಗ್ರಾಂ ಮಾತ್ರೆಗಳಲ್ಲಿ ಸಿಗುತ್ತದೆ. ದಿನಕ್ಕೆ ಒಂದು ಸಲ. ವಯಸ್ಕರಿಗೆ ಸಾಮಾನ್ಯವಾಗಿ 20ರ ಮೇಲೆ ಹೋಗುವುದಿಲ್ಲ, ವಯಸ್ಸಾದವರಿಗೆ 10ಕ್ಕೇ ನಿಲ್ಲಿಸುತ್ತಾರೆ. ಇದನ್ನು ಚೀಟಿ ಇಲ್ಲದೆ ಕೊಡುವಂತಿಲ್ಲ, ನಾನು ಕೊಡುವುದೂ ಇಲ್ಲ. ಅದರಿಂದ ಒಂದಿಷ್ಟು ಗಿರಾಕಿಗಳು ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗಿದ್ದಾರೆ. ಹೋಗಲಿ.

ಮೊದಲೆಲ್ಲ ನಾನೂ ಎಲ್ಲರಂತೆ, ‘ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?’ ಎಂದು ಕೇಳುತ್ತಿದ್ದೆ. ‘ಏನೂ ಇಲ್ಲ ಮೇಡಂ’ ಎನ್ನುವುದು ಸಿದ್ಧ ಉತ್ತರ. ನಮ್ಮ ಜನರ ಲೆಕ್ಕದಲ್ಲಿ ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ಕೆಮ್ಮಿನ ಸಿರಪ್ ಔಷಧಗಳೇ ಅಲ್ಲ. ಈಗ ಒಂದೊಂದಾಗಿ ಬಿಡಿಸಿ ಕೇಳುತ್ತೇನೆ. ಮಂಡಿ ನೋವಿಗೆ ಏನು ನುಂಗುತ್ತೀರಿ? ಎದೆಯುರಿಗೆ? ಬಿ.ಪಿ. ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರ ಇದೆಯೇ? ಹೃದಯಕ್ಕೆಂದು ಆಸ್ಪಿರಿನ್ ಇದೆಯೇ? ರಾತ್ರಿ ಒಂದು ಪೆಗ್ ಹಾಕುವ ಅಭ್ಯಾಸ?

ಪ್ರತಿಯೊಂದು ಪ್ರಶ್ನೆಗೂ ಕಾರಣವಿದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗಳ ಜೊತೆ ಎಸಿಟಾಲೋಪ್ರಾಮ್ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ಸಾಧಾರಣ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಟ್ರಮಡಾಲ್ ಇರುವ ನೋವಿನ ಮಾತ್ರೆ, ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಒಣಕೆಮ್ಮಿನ ಸಿರಪ್ ಜೊತೆಯಾದರೆ ಮೈಯಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಮಿತಿಮೀರಬಹುದು: ವಿಪರೀತ ಬೆವರು, ನಡುಕ, ಎದೆಬಡಿತ, ಜ್ವರ, ಗಲಿಬಿಲಿ. ಇವು ಕಂಡರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಎದೆಯುರಿಗೆ ನುಂಗುವ ಒಮೆಪ್ರಜೋಲ್ ಅಂತೂ ಕಡಲೆಪುರಿಯಂತೆ ಖರ್ಚಾಗುತ್ತದೆ. ಅದು ಯಕೃತ್ತಿನಲ್ಲಿ ಈ ಔಷಧ ಕರಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಎಂಟು ಹತ್ತು ದಿನದ ಎದೆಯುರಿಗೆ ಅದು ದೊಡ್ಡ ವಿಷಯವಲ್ಲ, ವರ್ಷಗಟ್ಟಲೆ ನುಂಗುವವರು ಮಾತ್ರ ವೈದ್ಯರಿಗೆ ಹೇಳಲೇಬೇಕು.

ಇನ್ನು ಆ ‘ಎಚ್’. ಬಿ.ಪಿ. ಮಾತ್ರೆಯ ಹೆಸರಿನ ಕೊನೆಯ ಎಚ್ ಎಂದರೆ ಹೈಡ್ರೋಕ್ಲೋರೋಥಯಜೈಡ್ ಎಂಬ ಮೂತ್ರವರ್ಧಕ. ಅದು ಮೈಯಿಂದ ಸೋಡಿಯಂ ಹೊರಹಾಕುತ್ತದೆ. ಎಸಿಟಾಲೋಪ್ರಾಮ್ ಕೂಡ, ಮುಖ್ಯವಾಗಿ ಅರವತ್ತು ದಾಟಿದವರಲ್ಲಿ, ಸೋಡಿಯಂ ಇಳಿಸಬಲ್ಲದು. ಕಳೆದ ಬೇಸಿಗೆಯಲ್ಲಿ ಒಬ್ಬರು ತಾಯಿಗೆಂದು ಟಾನಿಕ್ ಕೇಳಿಕೊಂಡು ಬಂದರು. ‘ಎರಡು ದಿನದಿಂದ ಅಮ್ಮ ಮಂಕಾಗಿದ್ದಾರೆ, ನಡೆದರೆ ತೂರಾಡುತ್ತಾರೆ, ಊಟ ಸೇರುತ್ತಿಲ್ಲ.’ ಆ ತಾಯಿಗೆ ಎಚ್ ಇರುವ ಬಿ.ಪಿ. ಮಾತ್ರೆ ತಿಂಗಳು ತಿಂಗಳು ಹೋಗುವುದು ನನ್ನ ಅಂಗಡಿಯಿಂದಲೇ. ಹೊಸದಾಗಿ ಏನಾದರೂ ಶುರುವಾಗಿದೆಯೇ ಎಂದೆ. ಇಲ್ಲ ಎಂದರು. ಪಕ್ಕದಲ್ಲಿ ನಿಂತಿದ್ದ ಗಿರಾಕಿ ಹೋಗುವವರೆಗೂ ಕಾದು, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು: ಹಾಸನದ ಚೀಟಿ, ಎಸಿಟಾಲೋಪ್ರಾಮ್ 10, ಮೂರು ವಾರದ ಹಿಂದಿನದು. ‘ಯಾರಿಗೂ ಹೇಳಬೇಡಿ ಅಕ್ಕ, ತಂಗಿಯ ಮದುವೆ ಮಾತುಕತೆ ನಡೆಯುತ್ತಿದೆ.’ ಟಾನಿಕ್ ಕೊಡದೆ, ಈಗಲೇ ಆಸ್ಪತ್ರೆಗೆ ಕರೆದೊಯ್ದು ಸೋಡಿಯಂ ನೋಡಿಸಿ ಎಂದು ಒಂದು ಕಾಗದದಲ್ಲಿ ಬರೆದು ಕಳುಹಿಸಿದೆ. 135ರ ಮೇಲಿರಬೇಕಾದದ್ದು 120ಕ್ಕೂ ಕೆಳಗೆ ಇಳಿದಿತ್ತು. ಹಾಗೇ ಬಿಟ್ಟಿದ್ದರೆ ಫಿಟ್ಸ್ ಬರಬಹುದಿತ್ತು. ವೈದ್ಯರು ಬಿ.ಪಿ. ಮಾತ್ರೆಯನ್ನೂ ಬದಲಿಸಿದರು, ಖಿನ್ನತೆಯದನ್ನೂ ಬದಲಿಸಿದರು. ಎರಡೂ ಚೀಟಿ ಬರೆದವರು ತಿಳಿದವರೇ. ಒಬ್ಬರ ಚೀಟಿ ಇನ್ನೊಬ್ಬರ ಮೇಜಿಗೆ ಬಂದಿರಲಿಲ್ಲ, ಅಷ್ಟೇ.

ಮೊದಲ ಬಾರಿಗೆ ಕೊಳ್ಳುವವರನ್ನು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬರಲು ಹೇಳುತ್ತೇನೆ, ಆಗ ಅಂಗಡಿ ಖಾಲಿ. ಅವರಿಗೆ ಹೇಳುವುದು ಇಷ್ಟು. ಮೊದಲ ವಾರ ಹೊಟ್ಟೆ ತೊಳಸಬಹುದು, ತಲೆನೋವು ಬರಬಹುದು, ಭೇದಿಯಾಗಬಹುದು. ಊಟ ಅಥವಾ ತಿಂಡಿಯಾದ ಮೇಲೆ ನುಂಗಿ. ನಿದ್ದೆ ಕೆಟ್ಟರೆ ಬೆಳಿಗ್ಗೆ, ತೂಕಡಿಕೆ ಬಂದರೆ ರಾತ್ರಿ. ಆತಂಕ ಕಡಿಮೆಯಾಗುವ ಮೊದಲು ಕೆಲವರಲ್ಲಿ ಸ್ವಲ್ಪ ಹೆಚ್ಚುತ್ತದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಫಲಕ್ಕೆ ಅದಕ್ಕಿಂತಲೂ ಹೆಚ್ಚು. ಅಂದರೆ ಮೊದಲು ಎದುರಾಗುವುದು ತೊಂದರೆ, ಉಪಕಾರ ಆಮೇಲೆ. ಇದನ್ನು ಮುಂಚೆಯೇ ಹೇಳದಿದ್ದರೆ ಹತ್ತನೇ ದಿನ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತದೆ.

ಇಪ್ಪತ್ತೈದರೊಳಗಿನ ಹುಡುಗ ಹುಡುಗಿಯರಾದರೆ ಮನೆಯವರೊಬ್ಬರಿಗೆ ವಿಷಯ ಗೊತ್ತಿರಲೇಬೇಕು ಎಂದು ಹಟ ಹಿಡಿಯುತ್ತೇನೆ. ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಬದಲಿಸಿದಾಗ ಈ ವಯಸ್ಸಿನವರಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಈ ಎಚ್ಚರಿಕೆಯನ್ನು ಪೆಟ್ಟಿಗೆ ಕಟ್ಟಿ ಮುದ್ರಿಸಲು ಹೇಳಿತು, 2007ರಲ್ಲಿ 24 ವರ್ಷದವರೆಗೂ ವಿಸ್ತರಿಸಿತು. ಹಾಗೆಂದು ಮಾತ್ರೆ ಬೇಡ ಎಂದಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆಯಲ್ಲೂ ಅದೇ ಅಪಾಯವಿದೆ. ಸ್ಟ್ರಿಪ್‌ಗಳು ಅಮ್ಮನ ಬಳಿಯೋ ಅಣ್ಣನ ಬಳಿಯೋ ಇರಲಿ, ವಾರಕ್ಕೊಮ್ಮೆ ಎಣಿಸಿ ಕೊಡಲಿ. ಇನ್ನೊಂದು ಲಕ್ಷಣವನ್ನೂ ಮನೆಯವರಿಗೆ ಹೇಳಿಡುತ್ತೇನೆ: ಮಂಕಾಗಿದ್ದವರು ಇದ್ದಕ್ಕಿದ್ದಂತೆ ರಾತ್ರಿಯೆಲ್ಲ ನಿದ್ದೆಯಿಲ್ಲದೆಯೂ ಹುರುಪಿನಿಂದ ಮಾತನಾಡುತ್ತಾ, ಕೈಬಿಚ್ಚಿ ಖರ್ಚು ಮಾಡತೊಡಗಿದರೆ ಗುಣವಾಯಿತೆಂದು ಸಂತೋಷಪಡದೆ ವೈದ್ಯರ ಬಳಿ ಕರೆದೊಯ್ಯಿರಿ. ಅದು ಮನಸ್ಸು ಖಿನ್ನತೆಗೂ ಅತಿ ಹುರುಪಿಗೂ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಯ ಸುಳಿವಾಗಿರಬಹುದು.

ಸ್ಟ್ರಿಪ್ಪಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಕೊಟ್ಟಾಗ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಇರುವ ಅಂಚು ಅನೇಕ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಗಿರಾಕಿಯ ಕೈಯಲ್ಲಿರುವುದು ಹೆಸರಿಲ್ಲದ ನಾಲ್ಕು ಬಿಳಿ ಗುಳಿಗೆ. ನಾನು ಕವರಿನ ಮೇಲೆ ಎಲ್ಲವನ್ನೂ ಬರೆದು ಕೊಡುತ್ತೇನೆ. ನಿಮ್ಮ ಅಂಗಡಿಯವರು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಹೆಸರಿನ ಕೊನೆಯಲ್ಲಿ ‘ಪ್ಲಸ್’ ಎಂದಿದ್ದರೆ ಚೀಟಿಯ ಜೊತೆ ಹೋಲಿಸಿ ನೋಡಿ. ಅಂಥ ಹಲವು ಬ್ರಾಂಡ್‌ಗಳಲ್ಲಿ ಎಸಿಟಾಲೋಪ್ರಾಮ್ ಜೊತೆಗೆ ಅರ್ಧ ಮಿಲಿಗ್ರಾಂ ಕ್ಲೊನಾಜೆಪಾಮ್ ಇರುತ್ತದೆ. ಕ್ಲೊನಾಜೆಪಾಮ್ ಆತಂಕವನ್ನು ಅರ್ಧ ಗಂಟೆ, ಒಂದು ಗಂಟೆಯಲ್ಲಿ ತಣಿಸುತ್ತದೆ, ಅದಕ್ಕೇ ಜನರಿಗೆ ಪ್ರೀತಿ. ಅದನ್ನು ಕೊಡುವುದು ಮೊದಲ ಕೆಲವು ವಾರಗಳಿಗೆ. ತಿಂಗಳುಗಟ್ಟಲೆ ನುಂಗಿದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಮದ್ಯದ ಜೊತೆ ಸೇರಿದರೆ ಉಸಿರಿಗೇ ಕುತ್ತು. ಬರಿಯ 10 ಎಂದು ಚೀಟಿಯಲ್ಲಿದ್ದರೆ ಪ್ಲಸ್ ಕೊಡುವುದು ‘ಅದೇ ಮಾತ್ರೆ, ಬೇರೆ ಕಂಪನಿ’ ಅಲ್ಲವೇ ಅಲ್ಲ. ಅಂಥ ಅದಲುಬದಲಿನ ಸ್ಟ್ರಿಪ್ ಹಿಡಿದುಕೊಂಡು ನನ್ನ ಬಳಿ ಬಂದವರು ಒಬ್ಬಿಬ್ಬರಲ್ಲ. ದುಡ್ಡು ಉಳಿಸಬೇಕೆಂದರೆ ಜನೌಷಧಿ ಕೇಂದ್ರದಲ್ಲಿ ಬರಿಯ ಎಸಿಟಾಲೋಪ್ರಾಮ್ ಅಗ್ಗದಲ್ಲಿ ಸಿಗುತ್ತದೆ.

ಮತ್ತೊಂದು ತೊಂದರೆಯನ್ನು ಗಂಡಸರು ನನ್ನನ್ನು ಕೇಳುವುದಿಲ್ಲ. ಸಹಾಯಕ ಹುಡುಗನನ್ನು ಪಕ್ಕಕ್ಕೆ ಕರೆದು ಸಿಲ್ಡೆನಾಫಿಲ್ (ವಯಾಗ್ರಾ) ಮಾತ್ರೆ ಕೇಳುತ್ತಾರೆ. ಎಸಿಟಾಲೋಪ್ರಾಮ್‌ನಿಂದ ಕಾಮಾಸಕ್ತಿ ತಗ್ಗುವುದು, ಸ್ಖಲನ ತಡವಾಗುವುದು ಸಾಮಾನ್ಯ. ಹೃದಯಕ್ಕೆ ನೈಟ್ರೇಟ್ ಮಾತ್ರೆ ನುಂಗುವವರು ಸಿಲ್ಡೆನಾಫಿಲ್ ಮುಟ್ಟಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ವೈದ್ಯರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಔಷಧಕ್ಕೆ ಬದಲಿಸುತ್ತಾರೆ. ಹೆಂಗಸರಿಗೂ ಇದೇ ತೊಂದರೆ ಇದೆ. ಅವರು ಆ ಹುಡುಗನನ್ನೂ ಕೇಳುವುದಿಲ್ಲ, ಸುಮ್ಮನೆ ಮಾತ್ರೆ ಬಿಟ್ಟುಬಿಡುತ್ತಾರೆ.

ಬಿಟ್ಟವರು ನನಗೆ ಗೊತ್ತಾಗುವುದು ಒಂದು ನೋಟ್‌ಬುಕ್ಕಿನಿಂದ. ಅದರಲ್ಲಿ ಪೂರ್ತಿ ಹೆಸರಿಲ್ಲ, ಎರಡಕ್ಷರ, ಮಾತ್ರೆಯ ಪ್ರಮಾಣ, ಮುಗಿಯುವ ದಿನಾಂಕ ಮಾತ್ರ. ಒಪ್ಪಿದವರಿಗೆ ಮುಗಿಯುವ ಮುನ್ನ ಒಂದು ಸಂದೇಶ ಕಳುಹಿಸುತ್ತೇನೆ, ಔಷಧದ ಹೆಸರಿಲ್ಲದೆ. ಎಸಿಟಾಲೋಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಸಾಕು. ಹಾಗಾಗಿ ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ಸಿಡುಕು, ವಿಚಿತ್ರ ಕನಸು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಶುರುವಾಗುತ್ತವೆ. ಇದನ್ನು ಕಂಡು ಕೆಲವರು ‘ಕಾಯಿಲೆ ತಿರುಗಿ ಬಂತು’ ಎನ್ನುತ್ತಾರೆ, ಕೆಲವರು ‘ಮಾತ್ರೆಯ ಚಟ ಹತ್ತಿದೆ’ ಎನ್ನುತ್ತಾರೆ. ಕಾಯಿಲೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಕಳೆದು ನಿಧಾನವಾಗಿ ಬರುತ್ತದೆ. ಎರಡನೇ ಮೂರನೇ ದಿನವೇ ಬಂದದ್ದು ಬಹುತೇಕ ಬಿಟ್ಟ ಪರಿಣಾಮ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಎಂದಿನಂತೆ ಒಂದೇ.

ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸುತ್ತಾರೆ, ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಹೆಚ್ಚು. ಆಮೇಲೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಅಂತರದಲ್ಲಿ ಪ್ರಮಾಣವನ್ನು ಮೆಟ್ಟಿಲಿಳಿಸುತ್ತಾರೆ. ಬಸುರಿಯೆಂದು ತಿಳಿದ ದಿನವೇ ಗಾಬರಿಯಿಂದ ಬಿಡುವವರಿದ್ದಾರೆ. ಬಿಡುವುದೋ ಬದಲಿಸುವುದೋ ವೈದ್ಯರೊಂದಿಗೆ ಕುಳಿತು ತೀರ್ಮಾನಿಸಬೇಕಾದ ಮಾತು.

ಹಾಸನಕ್ಕೆ ಹೋಗಲಾಗದವರಿಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ತೋರಿಸುತ್ತೇನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮನಸ್ಸು ತಡೆಯಲಾಗುತ್ತಿಲ್ಲ ಎಂದು ಫೋನ್ ಮಾಡುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಡುತ್ತೇನೆ: ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಮಾತ್ರೆಗಳ ಲೆಕ್ಕಕ್ಕಾದರೆ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಮಧ್ಯಾಹ್ನ ಬನ್ನಿ. ನನ್ನ ಅಂಗಡಿಗೇ ಬರಬೇಕೆಂದಿಲ್ಲ, ಯಾವ ಊರಿನದಾದರೂ ಸರಿ, ಒಂದೇ ಅಂಗಡಿಯಾಗಿದ್ದರೆ ಸಾಕು.