ರಾಕ್‌ವೂಲ್ ಅಡಿಯಲ್ಲಿ ಬಿರುಕು ಬಿಟ್ಟ ಸ್ಟೇನ್‌ಲೆಸ್ ಪೈಪು

ಮಂಗಳೂರಿನ ಕಡಲ ಹತ್ತಿರದ ಕಾರ್ಖಾನೆಯೊಂದರಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬಿಸಿನೀರಿನ ಪೈಪು ತೊಟ್ಟಿಕ್ಕತೊಡಗಿತು. ಶಾಖ ಹೋಗದಂತೆ ಸುತ್ತಿದ್ದ ರಾಕ್‌ವೂಲ್ (ಕಲ್ಲಿನ ನಾರಿನ ಹೊದಿಕೆ) ಬಿಚ್ಚಿದರೆ ಮೇಲ್ನೋಟಕ್ಕೆ ಏನೂ ಇಲ್ಲ. ಪೈಪಿನ ದಪ್ಪವೂ ಸರಿಯಾಗಿತ್ತು. ಡಿಪಿ ಟೆಸ್ಟ್ (ಬಿರುಕಿಗೆ ಇಳಿಯುವ ಕೆಂಪು ಬಣ್ಣ ಹಚ್ಚಿ, ಒರೆಸಿ ನೋಡುವ ಪರೀಕ್ಷೆ) ಮಾಡಿದಾಗಲೇ ಮರದ ಬೇರಿನಂತೆ ಕವಲೊಡೆದ ಕೂದಲೆಳೆ ಬಿರುಕುಗಳು ಕೆಂಪಾಗಿ ಕಂಡವು.

ಮಳೆನೀರು ರಾಕ್‌ವೂಲಿನ ಮೇಲೆ ಹೊದಿಸಿದ ಹೊರತಗಡಿನ ಸಂದಿಯಿಂದ ಇಳಿದು, 80 ಡಿಗ್ರಿ ಬಿಸಿಯ ಪೈಪಿನ ಮೇಲೆ ಆವಿಯಾಗಿ, ಕಡಲಗಾಳಿಯ ಉಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತಿತ್ತು. ಹೀಗೆ ಉಪ್ಪಿನಲ್ಲಿರುವ ಕ್ಲೋರೈಡ್ ಸಾಂದ್ರವಾಗಿ, ಜತೆಗೆ ವೆಲ್ಡಿಂಗಿನಿಂದ ಉಳಿದ ಒತ್ತಡವೂ ಸೇರಿದರೆ ಬಿರುಕು ಖಂಡಿತ. ಸುಮಾರು 50ರಿಂದ 175 ಡಿಗ್ರಿವರೆಗೆ ಈ ಅಪಾಯ ಹೆಚ್ಚು.

ಬಿರುಕಿನ ಭಾಗ ಕತ್ತರಿಸಿ ಹೊಸ ತುಂಡು ಬೆಸೆದೆವು. ಪೂರ್ತಿ ಪೈಪನ್ನು ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, 0.1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ ಸುತ್ತಿದೆವು. ಹೆಂಚು ಹೊದಿಸುವ ಹಾಗೆ, ಒಂದರ ಮೇಲೊಂದು 50 ಮಿಲಿಮೀಟರ್ ಬರುವಂತೆ, ನೀರು ಜಾರಿ ಹೋಗಬೇಕು. ಹಾಳೆ ಬರೀ ಮುಸುಕಲ್ಲ: ಒದ್ದೆಯಾದಾಗ ಅಲ್ಯೂಮಿನಿಯಂ ತಾನು ಸವೆದು ಸ್ಟೀಲನ್ನು ಕಾಯುತ್ತದೆ. ಕರಗಿಸಿ ಸಿಂಪಡಿಸುವ ಅಲ್ಯೂಮಿನಿಯಂ ಲೇಪ ಇನ್ನೂ ಬಾಳಿಕೆಯದು. ಪಕ್ಕದ ಟ್ಯಾಂಕಿಗೆ ಕಬ್ಬಿಣದ ಅಂಶವಿಲ್ಲದ ಗ್ರಿಟ್‌ನಿಂದ (ಒರಟು ಕಣಗಳಿಂದ) ಬ್ಲಾಸ್ಟಿಂಗ್ ಮಾಡಿಸಿ, ಅಂದರೆ ಕಣಗಳನ್ನು ರಭಸದಿಂದ ಊದಿ ಮೇಲ್ಮೈ ಉಜ್ಜಿಸಿ, ಅದನ್ನೇ ಹಾಕಿಸಿದೆವು.

ಗುತ್ತಿಗೆದಾರರು ಸತುವಿನ ಬಣ್ಣ ಅಗ್ಗ ಎಂದರು. ನಾನು ಖಡಾಖಂಡಿತವಾಗಿ ಬೇಡವೆಂದೆ. ಸತು 419 ಡಿಗ್ರಿಗೇ ಕರಗುತ್ತದೆ. ಬೆಂಕಿ ಬಿದ್ದರೆ, ಮುಂದೆ ಯಾರಾದರೂ ವೆಲ್ಡಿಂಗ್ ಮಾಡಿದರೆ, ಅದು ಸ್ಟೇನ್‌ಲೆಸ್ಸಿನೊಳಗೆ ಇಳಿದು ಸೀಳಿಬಿಡುತ್ತದೆ.

ಕೊನೆಗೆ ಹೊರತಗಡಿನ ಸಂದಿಗಳನ್ನು ಕೆಳಮುಖವಾಗಿ ತಿರುಗಿಸಿ ಸೀಲಂಟ್ ತುಂಬಿದೆವು. ಎರಡು ಮಳೆಗಾಲ ಕಳೆದು ಬಿಚ್ಚಿ ನೋಡಿದಾಗ ಹಾಳೆಯ ಮೇಲೆ ಅಲ್ಲಲ್ಲಿ ಬಿಳಿ ಪುಡಿ. ಪೈಪಿನಲ್ಲಿ ಒಂದೇ ಒಂದು ಕೆಂಪು ಗೆರೆ ಕಾಣಲಿಲ್ಲ.