ಬಾಂಬರ್ ಗ್ರೂಪೊಂದರ ಒಂದು ದಿನವನ್ನು ದಾಖಲೆಗಳಿಂದ ಕಟ್ಟಿಕೊಳ್ಳುವ ಬಗೆ

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಪೂರ್ವಭಾಗದ ಹೊಲಗಳ ನಡುವೆ ನೆಲೆಯೂರಿದ್ದ ಅಮೆರಿಕದ ಎಂಟನೆಯ ವಾಯುಸೇನೆಯ ಬಗ್ಗೆ ಓದಲು ಹೊರಟವರು ಸಾಮಾನ್ಯವಾಗಿ ಇಡೀ ಗ್ರೂಪಿನ, ಎಂದರೆ ಹಲವು ಸ್ಕ್ವಾಡ್ರನ್‌ಗಳು ಸೇರಿದ ಬಾಂಬರ್ ಪಡೆಯ, ಚರಿತ್ರೆಗೆ ಕೈಹಾಕಿ, ನೂರಾರು ಕಾರ್ಯಾಚರಣೆಗಳ ಪಟ್ಟಿಯಲ್ಲಿ ದಾರಿ ತಪ್ಪುತ್ತಾರೆ. ಒಂದು ದಿನ, ಒಂದು ವಿಮಾನ, ಅದರೊಳಗಿದ್ದ ಹತ್ತು ಮಂದಿ, ಇಷ್ಟನ್ನೇ ಹಿಡಿದು ಆರಂಭಿಸಿ ಎಂಬುದು ನನ್ನ ಸಲಹೆ. ಗ್ರೂಪಿನ ದೊಡ್ಡ ಕಥೆ ಆ ಒಂದು ದಿನದ ಕಾಗದಗಳೊಳಗೇ ಇರುತ್ತದೆ. ಇಲ್ಲಿ ಉದಾಹರಣೆಗಾಗಿ 1943ರ ಆಗಸ್ಟ್ 17ನ್ನೂ, ನಾರ್ಫೋಕ್‌ನ ಥಾರ್ಪ್ ಆಬಟ್ಸ್ ನೆಲೆಯಿಂದ ಹಾರುತ್ತಿದ್ದ ನೂರನೆಯ ಬಾಂಬರ್ ಗ್ರೂಪನ್ನೂ ತೆಗೆದುಕೊಂಡಿದ್ದೇನೆ.

ಮೊದಲು ವಿಮಾನದ ಕ್ರಮಸಂಖ್ಯೆಯನ್ನು ಹುಡುಕಿ. ವಿಮಾನದ ಮೂತಿಯ ಮೇಲೆ ಬರೆದ ಅಡ್ಡಹೆಸರು ನೆನಪಿನಲ್ಲಿ ಉಳಿಯುತ್ತದೆ ನಿಜ, ಆದರೆ ಒಂದೇ ಹೆಸರನ್ನು ಹಲವು ವಿಮಾನಗಳು ಹೊತ್ತಿರಬಹುದು, ಒಂದು ವಿಮಾನಕ್ಕೆ ಹೆಸರೇ ಇಲ್ಲದಿರಬಹುದು. ಕ್ರಮಸಂಖ್ಯೆಯಾದರೋ ಒಂದೇ. ಅದರ ಮೊದಲ ಎರಡು ಅಂಕಿಗಳು ಖರೀದಿಯ ಆದೇಶವಾದ ಹಣಕಾಸು ವರ್ಷವನ್ನು ಸೂಚಿಸುತ್ತವೆ, ಮತ್ತು ಬಾಲದ ಮೇಲೆ ಬರೆಯುವಾಗ ವರ್ಷದ ಮೊದಲ ಅಂಕಿಯನ್ನು ಬಿಡುತ್ತಿದ್ದರು. ಆದ್ದರಿಂದಲೇ ಬ್ಯಾಸಿಂಗ್‌ಬೋರ್ನ್ ನೆಲೆಯ ಪ್ರಸಿದ್ಧ ‘ಮೆಂಫಿಸ್ ಬೆಲ್’ ವಿಮಾನವು ಕಾಗದದಲ್ಲಿ 41-24485, ಬಾಲದ ಮೇಲೆ 124485. ಹಳೆಯ ಛಾಯಾಚಿತ್ರದಲ್ಲಿ ಬಾಲವೊಂದು ಸ್ಪಷ್ಟವಾಗಿ ಕಂಡರೆ ಸಾಕು, ಅರ್ಧ ಕೆಲಸ ಮುಗಿದಂತೆ.

ದಿನವನ್ನು ಗೊತ್ತುಮಾಡುವಾಗ ಎರಡು ಕಡೆ ಎಚ್ಚರ ಬೇಕು. ಕಾರ್ಯಾಚರಣೆಯ ಸಂಖ್ಯೆಯನ್ನು ಎಂಟನೆಯ ವಾಯುಸೇನೆ ತನ್ನ ಲೆಕ್ಕದಲ್ಲಿಯೂ, ಪ್ರತಿ ಗ್ರೂಪು ತನ್ನ ಲೆಕ್ಕದಲ್ಲಿಯೂ ಕೊಡುತ್ತಿತ್ತು. ಆಗಸ್ಟ್ 17ರ ದಾಳಿ ವಾಯುಸೇನೆಯ ಪಾಲಿಗೆ 84ನೆಯದು, ಆದರೆ ಆ ವರ್ಷ ಜೂನ್‌ನಲ್ಲಷ್ಟೇ ಯುದ್ಧಕ್ಕಿಳಿದಿದ್ದ ನೂರನೆಯ ಗ್ರೂಪಿನ ಎಣಿಕೆ ಅದರ ಹತ್ತಿರವೂ ಇರಲಿಲ್ಲ. ಹೀಗಾಗಿ ಯಾವಾಗಲೂ ದಿನಾಂಕದಿಂದಲೇ ಹುಡುಕಿ. ಎರಡನೆಯದು ಗಡಿಯಾರ. ಬ್ರಿಟನ್ನಿನಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಿಡುವ ಬೇಸಿಗೆಯ ವ್ಯವಸ್ಥೆ ಆ ವರ್ಷ ಆಗಸ್ಟ್ 15ಕ್ಕೆ ಮುಗಿದಿತ್ತು. ಆದ್ದರಿಂದ 17ರಂದು ಬ್ರಿಟಿಷ್ ಗಡಿಯಾರ ಗ್ರೀನಿಚ್‌ಗಿಂತ ಒಂದು ಗಂಟೆ, ಜರ್ಮನ್ ಗಡಿಯಾರ ಎರಡು ಗಂಟೆ ಮುಂದಿದ್ದವು. ಇದನ್ನು ಮರೆತು ಬಾಂಬರಿನ ಗನ್ನರ್ (ಬಂದೂಕು ಹಾರಿಸುವವನು) ಹೇಳಿದ ಹೊತ್ತನ್ನೂ ಜರ್ಮನ್ ಹಳ್ಳಿಯವರು ಹೇಳಿದ ಹೊತ್ತನ್ನೂ ಹೋಲಿಸಿದರೆ, ಒಂದೇ ವಿಮಾನ ಎರಡು ಸಲ ಬಿದ್ದಂತೆ ತೋರುತ್ತದೆ.

ಇನ್ನು ಕಾರ್ಯಾಚರಣೆಯ ಕಡತ. ಇವುಗಳಲ್ಲಿ ಬಹಳಷ್ಟು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಗ್ರೂಪುಗಳ ಮಾಸಿಕ ಚರಿತ್ರೆಗಳು ಅಲಬಾಮಾದ ಮ್ಯಾಕ್ಸ್‌ವೆಲ್ ವಾಯುನೆಲೆಯ ಸಂಶೋಧನಾ ಕೇಂದ್ರದಲ್ಲಿವೆ. ಕಡತ ಕೈಗೆ ಬಂದೊಡನೆ ವಿಮಾನಗಳು ಹಾರಿದ ವ್ಯೂಹದ ನಕ್ಷೆಯನ್ನು ತೆರೆಯಿರಿ. ಯಾವ ವಿಮಾನ ಮುಂದಿತ್ತು, ಯಾವುದು ಮೇಲಿನ ಸ್ಕ್ವಾಡ್ರನ್‌ನಲ್ಲಿತ್ತು, ಯಾವುದು ಕೆಳಗಿನದರಲ್ಲಿತ್ತು ಎಂಬುದು ಆ ಒಂದು ಹಾಳೆಯಲ್ಲಿರುತ್ತದೆ, ಮತ್ತು ಬದುಕು ಸಾವುಗಳ ನಿರ್ಧಾರ ಎಷ್ಟೋ ಸಲ ಆ ಸ್ಥಾನದಿಂದಲೇ ಆಗುತ್ತಿತ್ತು. ಆಗಸ್ಟ್ 17ರಂದು ಜರ್ಮನಿಯ ರೇಗನ್ಸ್‌ಬುರ್ಗ್‌ನ ಮೆಸ್ಸರ್‌ಶ್ಮಿಟ್ ಯುದ್ಧವಿಮಾನ ಕಾರ್ಖಾನೆಯತ್ತ ಹೊರಟ ಸಾಲಿನ ತೀರ ಹಿಂದೆ, ಕೆಳಗಡೆ ಹಾರಿದ ನೂರನೆಯ ಗ್ರೂಪು ಒಂಬತ್ತು ವಿಮಾನಗಳನ್ನು ಕಳೆದುಕೊಂಡಿತು.

ಅಂಕಿಗಳನ್ನು ಓದುವಾಗ ಹೊರಟ ವಿಮಾನಗಳೆಷ್ಟು, ಗುರಿಯ ಮೇಲೆ ಬಾಂಬ್ ಹಾಕಿದವೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ರೇಗನ್ಸ್‌ಬುರ್ಗ್‌ಗೆ ಹೊರಟದ್ದು 146, ಬಾಂಬ್ ಹಾಕಿದ್ದು 127, ಕಳೆದುಹೋದದ್ದು 24. ಅದೇ ದಿನ ಜರ್ಮನಿಯ ಇನ್ನೊಂದು ಊರಾದ ಶ್ವೈನ್‌ಫುರ್ಟ್‌ಗೆ ಹೊರಟದ್ದು 230, ಕಳೆದುಹೋದದ್ದು 36. ಈ ಎರಡು ಪಡೆಗಳು ಬೆನ್ನುಬೆನ್ನಿಗೆ ಹೋಗಬೇಕಿತ್ತು. ಆದರೆ ಬೆಳಗಿನ ಮಂಜು ಶ್ವೈನ್‌ಫುರ್ಟ್ ಪಡೆಯನ್ನು ಗಂಟೆಗಟ್ಟಲೆ ತಡೆಯಿತು. ಕರ್ಟಿಸ್ ಲಿಮೇ ಮುನ್ನಡೆಸಿದ ರೇಗನ್ಸ್‌ಬುರ್ಗ್ ಪಡೆ ಕತ್ತಲಾಗುವ ಮುನ್ನ ಉತ್ತರ ಆಫ್ರಿಕದಲ್ಲಿ ಇಳಿಯಬೇಕಾಗಿದ್ದುದರಿಂದ ಕಾಯುವಂತಿರಲಿಲ್ಲ. ಅಂತರ ಸಿಕ್ಕಿದ್ದರಿಂದ ಜರ್ಮನ್ ಯುದ್ಧವಿಮಾನಗಳು ಕೆಳಗಿಳಿದು, ಇಂಧನ ತುಂಬಿಕೊಂಡು, ಎರಡನೆಯ ಪಡೆಗಾಗಿ ಮತ್ತೆ ಮೇಲೇರಿದವು. ಆಫ್ರಿಕಕ್ಕೆ ಹೋದವರ ಕಥೆ ಒಂದೇ ದಿನಾಂಕದ ಕಡತದಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಗಮನಿಸಿ. ಅವರಲ್ಲಿ ಹಾರಬಲ್ಲವರು ಆಗಸ್ಟ್ 24ರಂದು ಫ್ರಾನ್ಸಿನ ಬೋರ್ಡೋ ಮೇಲೆ ಬಾಂಬ್ ಹಾಕುತ್ತಾ ಇಂಗ್ಲೆಂಡಿಗೆ ಮರಳಿದರು. ಆ ದಿನದ ಕಡತವನ್ನೂ ತರಿಸಿಕೊಳ್ಳಿ.

ಶತ್ರುವಿಮಾನಗಳನ್ನು ಹೊಡೆದುರುಳಿಸಿದ ಲೆಕ್ಕವನ್ನು ಮಾತ್ರ ಹಾಗೆಯೇ ಒಪ್ಪಬೇಡಿ. ಆಗಸ್ಟ್ 17ರಂದು ಗನ್ನರ್‌ಗಳು 288 ವಿಮಾನಗಳನ್ನು ಉರುಳಿಸಿದ್ದಾಗಿ ವರದಿ ಮಾಡಿದರು. ಜರ್ಮನ್ ದಾಖಲೆಗಳಲ್ಲಿ ಕಾಣುವುದು ಸುಮಾರು ಅದರ ಹತ್ತನೆಯ ಒಂದು ಪಾಲು. ಗನ್ನರ್‌ಗಳು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಹೊಗೆಯುಗುಳುತ್ತ ಕೆಳಗೆ ಜಾರುವ ಒಂದೇ ವಿಮಾನದತ್ತ ಹತ್ತಾರು ಬಂದೂಕುಗಳು ಗುಂಡು ಹಾರಿಸುತ್ತಿದ್ದಾಗ, ಅದು ತನ್ನ ಗುಂಡಿಗೆ ಬಿದ್ದಿತೆಂದು ಪ್ರತಿಯೊಬ್ಬನೂ ಪ್ರಾಮಾಣಿಕವಾಗಿಯೇ ನಂಬಿದ್ದ.

ನಿಮ್ಮ ವಿಮಾನ ಮರಳಿಲ್ಲವಾದರೆ, ಎಲ್ಲಕ್ಕಿಂತ ಮುಖ್ಯವಾದ ಕಾಗದವೆಂದರೆ ಕಾಣೆಯಾದ ವಿಮಾನ ಸಿಬ್ಬಂದಿಯ ವರದಿ. ಈ ವರದಿ ಬರೆಯುವ ಪದ್ಧತಿ 1943ರ ಮಧ್ಯಭಾಗದಲ್ಲಿ ಬಂದಿತು, ಅದಕ್ಕೂ ಹಿಂದಿನ ಕೆಲವು ನಷ್ಟಗಳಿಗೆ ಆಮೇಲೆ ವರದಿ ಸಿದ್ಧಪಡಿಸಿದರು. ಆದುದರಿಂದ ವರದಿಯ ಸಂಖ್ಯೆಯಿಂದ ದಿನಾಂಕವನ್ನು ಊಹಿಸಬೇಡಿ. ಮೊದಲ ಪುಟದಲ್ಲಿ ನಾಲ್ಕು ಎಂಜಿನ್‌ಗಳ ಸಂಖ್ಯೆಗಳು, ಬಂದೂಕುಗಳ ಸಂಖ್ಯೆಗಳು, ಹವೆ, ಕೊನೆಯದಾಗಿ ಕಂಡ ಜಾಗ ಇರುತ್ತವೆ. ಅನಂತರ ಹೆಸರುಗಳು: ಪೈಲಟ್, ಸಹಪೈಲಟ್, ನ್ಯಾವಿಗೇಟರ್, ಬಾಂಬಾರ್ಡಿಯರ್, ಎಂಜಿನಿಯರ್, ರೇಡಿಯೊ ಆಪರೇಟರ್, ನಾಲ್ವರು ಗನ್ನರ್‌ಗಳು. ಅಕ್ಕಪಕ್ಕದ ವಿಮಾನದವರು ಕಂಡದ್ದನ್ನು ಹೇಳಿ ಸಹಿ ಹಾಕಿದ ಹೇಳಿಕೆಗಳನ್ನು ಓದುವಾಗ, ಎಷ್ಟು ಪ್ಯಾರಾಚೂಟ್ ತೆರೆದುಕೊಂಡವೆಂದು ಯಾರು ಎಣಿಸಿದರು, ಆತ ವ್ಯೂಹದಲ್ಲಿ ಎಲ್ಲಿದ್ದ ಎಂಬುದನ್ನು ನಕ್ಷೆಗೆ ಹೋಲಿಸಿ ನೋಡಿ.

ಇದೇ ವರದಿಯ ಹಿಂಭಾಗದಲ್ಲಿ ಒಮ್ಮೊಮ್ಮೆ ಇನ್ನೊಂದು ನಮೂನೆ ಸಿಗುತ್ತದೆ. ಸೆರೆಯಿಂದ ಬಿಡುಗಡೆಯಾಗಿ ಬಂದವರಿಗೆ ಕೊಟ್ಟ ಪ್ರಶ್ನಾವಳಿಯದು. ನೀನು ವಿಮಾನದಿಂದ ಜಿಗಿದೆಯಾ, ಉಳಿದವರು ಜಿಗಿದರೇ, ವಿಮಾನ ನೆಲಕ್ಕಪ್ಪಳಿಸಿದಾಗ ಒಳಗೆ ಯಾರಿದ್ದರು, ಅವರನ್ನು ಕೊನೆಗೆ ಯಾವ ಸ್ಥಿತಿಯಲ್ಲಿ ಕಂಡೆ ಎಂದು ಅದು ಒಂದೊಂದಾಗಿ ಕೇಳುತ್ತದೆ. ಈ ಹಾಳೆಯನ್ನು ಅವಸರದಲ್ಲಿ ತಿರುವಬೇಡಿ. ಉತ್ತರ ಬರೆದವನು ತನ್ನ ಜೊತೆಗಾರನ ಬಗ್ಗೆ ಬರೆಯುತ್ತಿದ್ದಾನೆ. ಎರಡು ಮೂರು ಹಾಳೆಗಳ ಉತ್ತರಗಳು ಪರಸ್ಪರ ಹೊಂದದಿದ್ದರೆ ಅವನ್ನು ಹೊಂದಿಸಲು ಹೋಗದೆ, ಪಕ್ಕಪಕ್ಕದಲ್ಲಿಯೇ ಬರೆದಿಡಿ. ಜರ್ಮನ್ನರಿಂದ ವಶಪಡಿಸಿಕೊಂಡ ವರದಿಗಳಲ್ಲಿ ವಿಮಾನ ಬಿದ್ದ ಹಳ್ಳಿಯ ಹೆಸರು ಸಿಕ್ಕರೆ ಅದನ್ನೂ ಸೇರಿಸಿ, ಬಾಂಬ್ ಬಿದ್ದ ಊರಿನಲ್ಲಿ ಸತ್ತವರ ದಾಖಲೆಯನ್ನು ಆ ಊರಿನ ಪತ್ರಾಗಾರದಲ್ಲಿ ವಿಚಾರಿಸಿ. ಆ ದಿನ ಅವರದೂ ಹೌದು.

ಸೈನಿಕರ ವೈಯಕ್ತಿಕ ಕಡತಗಳ ಮೇಲೆ ಹೆಚ್ಚು ಭರವಸೆ ಇಡಬೇಡಿ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಆ ಕಾಲದ ಸೇನಾ ಕಡತಗಳಲ್ಲಿ ಬಹುಪಾಲು ಸುಟ್ಟುಹೋದವು.

ಹತ್ತು ಹೆಸರುಗಳ ಮುಂದೆ ಒಬ್ಬೊಬ್ಬರ ಗತಿಯನ್ನು ಬರೆಯುವಾಗ, ದೇಹ ಸಿಗದವರಿಗಾಗಿ ಕೇಂಬ್ರಿಜ್ ಬಳಿಯ ಮ್ಯಾಡಿಂಗ್ಲೆಯ ಅಮೆರಿಕನ್ ಸ್ಮಶಾನವೂ ಸೇರಿದಂತೆ ಯುದ್ಧ ಸ್ಮಾರಕಗಳ ಪಟ್ಟಿಯನ್ನು ನೋಡಿ. ಮ್ಯಾಡಿಂಗ್ಲೆಯ ಗೋಡೆಯ ಮೇಲೆ 5,127 ಹೆಸರುಗಳನ್ನು ಕೆತ್ತಿದ್ದಾರೆ. ಹೆಸರಿನ ಪಕ್ಕದಲ್ಲಿ ಸಣ್ಣ ಹೂವಿನಾಕಾರದ ಗುರುತಿದ್ದರೆ, ಆ ವ್ಯಕ್ತಿಯ ಅವಶೇಷಗಳು ಆಮೇಲೆ ಸಿಕ್ಕಿವೆಯೆಂದು ಅರ್ಥ, ನಿಮ್ಮ ಹಾಳೆಯಲ್ಲೂ ಅದನ್ನು ಗುರುತು ಮಾಡಿಕೊಳ್ಳಿ.