ಗಾಳಿ ಬಿದ್ದಾಗ ಕೈಟ್ ಎತ್ತಬೇಡಿ: ಕೊಪ್ಪಳದ ಬಯಲಲ್ಲಿ ನನ್ನ ಅನುಭವ

ದೊಡ್ಡ ಗಾಳಿಪಟ (ಕೈಟ್) ಎಳೆದಂತೆ ಹಲಗೆಯ ಮೇಲೆ ನಿಂತು ಸಾಗುವ ಕೈಟ್‌ಬೋರ್ಡಿಂಗ್ ಬಯಲುಸೀಮೆಯಲ್ಲಿ ಆಗುವುದಿಲ್ಲ ಅಂತ ನನಗೆ ಹೇಳಿದವರೆಲ್ಲ ಈ ಆಟ ಬಲ್ಲವರೇ. ರಾಮೇಶ್ವರದ ಕಡೆ ನನಗೆ ಕಲಿಸಿದವರೂ ಅದನ್ನೇ ಹೇಳಿದರು. ಕಡಲ ಗಾಳಿ ಒಂದೇ ಸಮ ಬೀಸುತ್ತದೆ, ನಿಮ್ಮ ಕಡೆ ನೆಲ ಕಾದು ಗಾಳಿ ದಿಢೀರಂತ ಮೇಲಕ್ಕೇಳುತ್ತದೆ, ನಿಮ್ಮನ್ನೂ ಎತ್ತಿ ಒಗೆಯುತ್ತದೆ ಅಂದರು. ಎತ್ತುವುದು ನಿಜ. ಆದರೂ ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಇಳಿದ ಮೇಲೆ, ಮುನಿರಾಬಾದಿನ ಆಚೆ ಬಯಲಲ್ಲಿ ಚಕ್ರದ ಬೋರ್ಡ್ ಹಾಕಿಕೊಂಡು ಆರಾಮಾಗಿ ಓಡಿಸುತ್ತಿದ್ದೇನೆ. ಇಲ್ಲಿಯವರೆಗೆ ಮೈಮೇಲೆ ಒಂದು ಹೊಲಿಗೆಯೂ ಬಿದ್ದಿಲ್ಲ.

ಮೊದಲು ದುಡ್ಡಿನ ವಿಷಯ. 12 ಚದರ ಮೀಟರಿನ ಹಳೇ ಕೈಟ್‌ಗೆ 45 ಸಾವಿರದ ಹತ್ತಿರ ಕೊಟ್ಟಿದ್ದೆ. ನಮ್ಮ ಗಾಳಿಗೆ ಅದು ಆಗಿಬರಲಿಲ್ಲ. ಕಡಲಲ್ಲಿ ಸರಾಸರಿ ಗಾಳಿ ನೋಡಿ ಕೈಟ್ ಆರಿಸುತ್ತಾರೆ. ಇಲ್ಲಿ ನಡುವೆ ಬರುವ ಜೋರು ಗಾಳಿ ನೋಡಿ ಆರಿಸಬೇಕು. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು, ಗೊತ್ತಲ್ವಾ. ಮಾರುವಾಗ 25 ಸಾವಿರವೂ ಪೂರ್ತಿ ಬರಲಿಲ್ಲ. ಈಗ 7ಕ್ಕಿಂತ ದೊಡ್ಡದನ್ನು ಮುಟ್ಟುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳಿಗೆ ಬ್ಲಾಡರ್, ಅಂದರೆ ಕೈಟಿನೊಳಗಿನ ಗಾಳಿಚೀಲ, ತೂತಾಗುವುದು ಬೇರೆ ಖರ್ಚು. ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಚ್ಚಿ ನೋಡಿದೆ, ಬಿಸಿಲಿಗೆ ಬಿಟ್ಟುಕೊಂಡಿತು. ಅದರದ್ದೇ ಪ್ಯಾಚ್ ತರಿಸಬೇಕು, ಬೇರೆ ದಾರಿ ಇಲ್ಲ.

12ನ್ನು ಮಾರುವ ಮುಂಚೆ ಒಂದು ಪ್ರಯೋಗ ಮಾಡಿದೆ. ಹತ್ತಿ ತೂಗುವ ಕೊಕ್ಕೆ ಕಾಟಾ ತಂದು ಗೆಳೆಯನ ಟ್ರ್ಯಾಕ್ಟರ್ ಹುಕ್ಕಿಗೆ ಕಟ್ಟಿ, ಅದಕ್ಕೆ ಕೈಟ್ ಸಿಕ್ಕಿಸಿದೆ. ಹೊತ್ತು ಹನ್ನೊಂದೂವರೆ ಇರಬೇಕು. ಕೈಟನ್ನು 12 ಗಂಟೆಗೆ, ಅಂದರೆ ನೆತ್ತಿಯ ಮೇಲೆ ನಿಲ್ಲಿಸಿದ್ದೆವು. ಕಾಟಾ 30 ಕಿಲೋ ಆಸುಪಾಸು ತೋರಿಸುತ್ತಿತ್ತು. ಗಾಳಿ ಬಿತ್ತು. ಮುಳ್ಳು ಹತ್ತಕ್ಕಿಂತ ಕೆಳಗಿಳಿಯಿತು, ಕೈಟಿನ ಲೈನ್‌ಗಳು (ಹಗ್ಗಗಳು) ಜೋಲುಬಿದ್ದವು. ಹತ್ತು ಎಣಿಸುವಷ್ಟರಲ್ಲಿ ಕೈಟ್ ಫಟ್ ಅಂತ ಮತ್ತೆ ಗಾಳಿ ತುಂಬಿಕೊಂಡಿತು, ಮುಳ್ಳು ನೂರು ದಾಟಿತು, ಕಾಟಾ ನೆಟ್ಟಗೆ ಆಕಾಶಕ್ಕೆ ನಿಂತಿತು. ನನ್ನ ತೂಕ 70 ಕಿಲೋ.

ನಾನು ಹೇಳಬೇಕಿರುವುದೆಲ್ಲ ಆ ಹತ್ತು ಎಣಿಕೆಯಲ್ಲೇ ಇದೆ. ಮೇಲೇಳುವ ಬಿಸಿಗಾಳಿ ಸುತ್ತಲಿನ ಗಾಳಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದಕ್ಕೇ ಹಲವು ಸಲ ಮೊದಲು ಗಾಳಿ ಸತ್ತಂತಾಗುತ್ತದೆ. ಆಗ ಕೈಟ್ ಬೀಳದಿರಲಿ ಅಂತ ಎಲ್ಲರ ಕೈಯೂ ತಾನಾಗಿ ಅದನ್ನು ನೆತ್ತಿಗೆ ಏರಿಸುತ್ತದೆ. ಗಾಳಿ ವಾಪಸ್ ಬಂದಾಗ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ನಾನು ಈಗ ಪಕ್ಕಕ್ಕೆ, ತಗ್ಗಿನಲ್ಲೇ ಹಿಡಿದು ಹಿಂದಕ್ಕೆ ನಡೆಯುತ್ತೇನೆ. ಕೈಟ್ ಬಿದ್ದರೆ ಬೀಳಲಿ. ತಗ್ಗಿನಲ್ಲಿದ್ದರೆ ನೆಲದ ಮೇಲೆ ಎಳೆದಾಡೀತು, ಮೇಲಕ್ಕೆ ಎತ್ತುವುದು ಕಡಿಮೆ. ಎಳೆದಾಟಕ್ಕೂ ಗಾಳಿ ಹೋಗುವ ಕಡೆ ಮರ, ಕಲ್ಲು, ಕರೆಂಟ್ ಕಂಬ ಇಲ್ಲದ ಜಾಗ ಬೇಕೇ ಬೇಕು.

ಹಿಮ್ಮಡಿ ಹಗುರಾಯಿತಾ, ಬಾರ್ (ಕೈಟ್ ನಡೆಸುವ ಹಿಡಿಕೋಲು) ಬಿಟ್ಟುಬಿಡಿ. ಆಮೇಲೂ ಎತ್ತುತ್ತಿದ್ದರೆ ಕಾಲು ನೆಲದ ಮೇಲಿರುವಾಗಲೇ ಕ್ವಿಕ್ ರಿಲೀಸ್, ಅಂದರೆ ಕೈಟಿನ ಎಳೆತವನ್ನು ಒಮ್ಮೆಲೇ ಬಿಡಿಸುವ ಕೊಂಡಿ, ಒತ್ತಿ. ನೋಡೋಣ ಅಂತ ಒಂದು ಕ್ಷಣ ಕಾದರೆ ಮುಗಿಯಿತು. ಎರಡಾಳೆತ್ತರ ಹೋದ ಮೇಲೆ ರಿಲೀಸ್ ಒತ್ತಿದರೆ ಗಟ್ಟಿ ನೆಲಕ್ಕೆ ಬೀಳುವುದೇ. ಆಗ ಕೈಟನ್ನು ತಲೆಯ ಮೇಲೆ ಅಲುಗಾಡದಂತೆ ಇಟ್ಟು, ಅದು ಇಳಿಸಿದಂತೆ ಇಳಿಯಬೇಕು.

ಮೇಲೇಳುವ ಗಾಳಿ ಕಣ್ಣಿಗೆ ಕಾಣಲಿ ಅಂತ ಹುಲಿಗಿ ಜಾತ್ರೆಯಲ್ಲಿ ಮಕ್ಕಳಿಗೆ ಮಾರುವ ಸೋಪಿನ ಗುಳ್ಳೆ ಬಾಟಲಿ ತಂದು ಊದಿಸಿದೆ. ನಮ್ಮ ಒಣಹವೆಗೆ ನಾಲ್ಕು ಮಾರು ಹೋಗುವಷ್ಟರಲ್ಲಿ ಒಡೆದುಹೋದವು. ಕೆಲಸಕ್ಕೆ ಬಂದದ್ದು ಎಕ್ಕದ ಕಾಯಿ. ಬಿರಿದ ಕಾಯಿಯೊಳಗಿನ ಹತ್ತಿ ಬಿಟ್ಟು ನೋಡಿ. ಬೀಜ ಕಿತ್ತರೆ ತೀರಾ ಹಗುರ, ಬೀಜ ಇರುವುದನ್ನೇ ಬಿಡಬೇಕು. ಗಾಳಿ ನೆಟ್ಟಗಿದ್ದರೆ ಮೊಣಕಾಲೆತ್ತರದಲ್ಲಿ ಸಾಗುತ್ತದೆ. ಇಲ್ಲದಿದ್ದರೆ ಗಕ್ಕನೆ ನಿಂತು, ಸುತ್ತಿಕೊಳ್ಳುತ್ತಾ ಮೇಲೆ ಹೋಗಿಬಿಡುತ್ತದೆ. ಅದರ ಜೊತೆ ಗಾಳಿ ಬರುವ ಕಡೆ ಬಿದಿರು ಗಳ ನೆಟ್ಟು ರಿಬ್ಬನ್ ಕಟ್ಟುತ್ತೇನೆ. ಎಷ್ಟು ದೂರಕ್ಕೆ, ಯಾವ ಲೆಕ್ಕದಲ್ಲಿ ನೆಡುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಕಲ್ಲುಗುಡ್ಡದ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತಿ ಏರತೊಡಗಿದರೆ ಕೈಟ್ ಮಡಚುತ್ತೇನೆ. ಏಪ್ರಿಲ್, ಮೇನಲ್ಲಿ ಅದು ಒಂಬತ್ತಕ್ಕೇ ಶುರು, ಹಾಗಾಗಿ ಬೆಳಗಿನ ಎರಡು ತಾಸೇ ನಮ್ಮದು. ದೂರದಲ್ಲಿ ಗುಡುಗಿನ ಮೋಡ ಕಂಡರೂ ಅಷ್ಟೇ, ಮಳೆಗಿಂತ ಮುಂಚೆ ಅದರ ಗಾಳಿ ಬರುತ್ತದೆ. ಆಷಾಢದಲ್ಲಿ ಮೋಡ ಮುಸುಕಿ ಪಶ್ಚಿಮದ ಗಾಳಿ ಬೀಸತೊಡಗಿದರೆ ಇಡೀ ದಿನ ಓಡಿಸಬಹುದು. ಕಡಲಿನವರು ಬಂದು ನೋಡಲಿ.

ಇನ್ನೊಂದು ಮಾತು. ಹಿನ್ನೀರಿನ ಒಣ ಮಣ್ಣು ಹಿಟ್ಟಿನಂಥದ್ದು, ಕ್ವಿಕ್ ರಿಲೀಸ್‌ನೊಳಗೆ ಸೇರಿ ಗಟ್ಟಿಯಾಗುತ್ತದೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು, ಏರಿಸುವ ಮುಂಚೆ ಭಾರ ಹಾಕಿ ಒಂದು ಸಲ ಒತ್ತಿ ನೋಡಿ. ನನ್ನ ಹಳೇ ಬಾರಿನದ್ದು ಸುಮ್ನೆ ಒತ್ತಿದರೆ ಬಿಡುತ್ತಿತ್ತು, ಭಾರ ಹಾಕಿದರೆ ಬಿಡುತ್ತಿರಲಿಲ್ಲ. ಹೊಸದಕ್ಕೆ ಎಂಟೊಂಬತ್ತು ಸಾವಿರ ಹೋಯಿತು. ಇಷ್ಟು ಖರ್ಚಿನಲ್ಲಿ ಆ ದುಡ್ಡಿಗೆ ಮಾತ್ರ ನಾನು ಚೌಕಾಸಿ ಮಾಡಲಿಲ್ಲ.